ಬೀಗಿತ್ತಿಯ ‘ಆಓರ’ ಮತ್ತು ಟೈಂ ಕೀಪರಮ್ಮನ ರಿಜಿಸ್ಟರು

ಬಸ್ ನಿಲ್ದಾಣದ ಕಿಟಕಿಯೊಳಗೆ ಮೂವತ್ತೊಂದು ವರ್ಷ ಕೂತು ಬಂದ ಬಸ್ಸಿನ ಸಮಯ, ಹೊರಟ ಬಸ್ಸಿನ ಸಮಯ ಬರೆದವರು ಟೈಂ ಕೀಪರಮ್ಮ. ನಿವೃತ್ತಿಯಾಗಿ ಮಗಳ ಮನೆ ಸೇರಿದರೂ ಆ ಹೆಸರು ಬೆನ್ನು ಬಿಡಲಿಲ್ಲ. ತಡವಾಗಿ ಬಂದ ಡ್ರೈವರುಗಳು ಹೇಳುತ್ತಿದ್ದ ಪಂಕ್ಚರು, ರಸ್ತೆಗೆ ಬಿದ್ದ ಮರ, ಇದ್ದಕ್ಕಿದ್ದಂತೆ ಬಂದ ಹೊಟ್ಟೆನೋವು ಎಲ್ಲವನ್ನೂ ಕೇಳಿ ಕೇಳಿ, ಮನುಷ್ಯರ ಮಾತಿನ ಮೇಲೆ ಅವರಿಗಿದ್ದ ನಂಬಿಕೆ ಯಾವತ್ತೋ ಸವೆದುಹೋಗಿತ್ತು. ಅವರು ನಂಬುತ್ತಿದ್ದುದು ಗಡಿಯಾರವೊಂದನ್ನೇ. ಅದನ್ನೂ ದಿನಕ್ಕೊಂದು ಸಲ ರೇಡಿಯೊ ಸಮಯದ ಜೊತೆ ತಾಳೆ ಹಾಕಿ ನೋಡುತ್ತಿದ್ದರು.

ಮಗಳ ಮನೆ ಮೂರನೇ ಮಹಡಿಯಲ್ಲಿ. ಕಟ್ಟಡಕ್ಕೆ ಲಿಫ್ಟ್ ಇಲ್ಲ. ಅಳಿಯನ ಮನೆಮಾತು ಸ್ಪ್ಯಾನಿಷ್. ಅವನ ತಾಯಿ, ಅಂದರೆ ನಮ್ಮ ಟೈಂ ಕೀಪರಮ್ಮನ ಬೀಗಿತ್ತಿ, ಅದೇ ಕಟ್ಟಡದ ನೆಲಮಹಡಿಯ ಒಂದು ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಪ್ಯಾಂಟಿನ ಉದ್ದ ಕಡಿಮೆ ಮಾಡುವುದು, ಜಿಪ್ಪು ಬದಲಾಯಿಸುವುದು ಇಂಥ ಕೆಲಸ ಮಾಡುತ್ತಿದ್ದರು. ಒಂಬತ್ತು ತಿಂಗಳ ಕೂಸು ಇಬ್ಬರಿಗೂ ಮೊಮ್ಮಗಳು. ಬರುವ ಸೋಮವಾರದಿಂದ ಮಗಳು ಮತ್ತೆ ಕೆಲಸಕ್ಕೆ ಹೋಗುವವಳು. ಬೆಳಗ್ಗೆಯೆಲ್ಲ ಕೂಸು ಬೀಗಿತ್ತಿಯ ಹತ್ತಿರ, ಮಧ್ಯಾಹ್ನದ ಮೇಲೆ ತನ್ನ ತಾಯಿಯ ಹತ್ತಿರ ಎಂದು ಅವಳು ಲೆಕ್ಕ ಹಾಕಿದ್ದಳು. ಟೈಂ ಕೀಪರಮ್ಮನಿಗೆ ಇದು ಸುತರಾಂ ಒಪ್ಪಿಗೆಯಿರಲಿಲ್ಲ. ಬೆಳಗ್ಗೆ ಕೊಟ್ಟರೆ ಬೀಗಿತ್ತಿ ಆಮೇಲೆ ಇಡೀ ದಿನವನ್ನೇ ಬಳಿದುಕೊಳ್ಳುತ್ತಾಳೆ, ಕೂಸು ನನ್ನ ಮುಖವನ್ನೇ ಮರೆಯುತ್ತದೆ ಎಂಬ ಭಯ ಅವರ ಹೊಟ್ಟೆಯಲ್ಲಿ ಕೂತಿತ್ತು.

ಆ ಭಯಕ್ಕೆ ಸಾಕ್ಷಿ ಒದಗಿಸಿದ್ದು ಒಂದು ಪದ. ದಿನಾ ಬೆಳಗ್ಗೆ ಹತ್ತಕ್ಕೆ ಮಗಳು ಮೆಟ್ಟಿಲ ಕಂಬಿಗೆ ಬಾಗಿ, ಕೂಸಿಗೆ ಸ್ನಾನ ಮಾಡಿಸಲು ಅತ್ತೆಯನ್ನು ಕೂಗುವಳು. ಕೆಳಗಿನಿಂದ ಉತ್ತರ ಬರುವುದು: “ಆಓರ!”

“ಏನಂತೆ ಅವಳು?”

“ಈಗ ಬಂದೆ ಅಂತ. ಆಓರ ಅಂದ್ರೆ ಈಗ.”

“ಈಗ ಅಂದ್ರೆ ಎಷ್ಟು ನಿಮಿಷ?”

“ಅಯ್ಯೋ ಅಮ್ಮ! ಈಗ ಅಂದ್ರೆ ಈಗ. ನೀನು ಬಚ್ಚಲಿಂದ ‘ಬಂದೆ ಬಂದೆ’ ಅಂತ ಕೂಗಿ ಅರ್ಧ ಗಂಟೆ ಬಿಟ್ಟು ಬರಲ್ವಾ?”

ಟೈಂ ಕೀಪರಮ್ಮ ಆ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಹಳೆಯ ನೋಟುಪುಸ್ತಕವೊಂದಕ್ಕೆ ಗೆರೆ ಎಳೆದರು. ಕೂಗಿದ ಸಮಯ, ಬಂದ ಸಮಯ, ತಡ, ಕಾರಣ. ಮೊದಲ ದಿನ ಇಪ್ಪತ್ತೆರಡು ನಿಮಿಷ. ಎರಡನೇ ದಿನ ಹತ್ತೊಂಬತ್ತು. ಮೂರನೇ ದಿನ ಇಪ್ಪತ್ತೇಳು! ಮೂರು ಮಹಡಿ ಹತ್ತಲು ಯಾರಿಗೆ ಬೇಕು ಇಪ್ಪತ್ತೇಳು ನಿಮಿಷ? ಬೀಗಿತ್ತಿ ಬಾಗಿಲಲ್ಲಿ ಕಾಣಿಸಿದಾಗ ಮುಖ ಒರೆಸಿಕೊಂಡು, ಕೂದಲು ಸರಿಮಾಡಿಕೊಂಡು, ನಗುನಗುತ್ತಲೇ ಇರುತ್ತಿದ್ದರು. ಆ ನಗುವೇ ಹೆಚ್ಚು ಅನುಮಾನ ಹುಟ್ಟಿಸಿತು. ಯಾರ ಜೊತೆ ಹರಟೆ? ಮಗನಿಗೆ ಫೋನು ಹಚ್ಚಿ ಯಾರ ಮೇಲೆ ಚಾಡಿ? ಕಾರಣದ ಕಾಲಮ್ಮಿನಲ್ಲಿ ಕೆಂಪು ಶಾಯಿಯಲ್ಲಿ ‘ಹೇಳಿಲ್ಲ’ ಎಂದು ಬರೆದರು.

ಪದವನ್ನು ತಾವೂ ಒಮ್ಮೆ ಬಳಸಿ ನೋಡಿದರು. ಬೀಗಿತ್ತಿ ಕೂಸಿಗೆ ಟವೆಲ್ ಸುತ್ತುತ್ತಿದ್ದಾಗ, ಬಸ್ಸಿಗೆ ಸೀಟಿ ಊದುವವರ ಗತ್ತಿನಲ್ಲಿ “ಆಓರ! ಆಓರ!” ಎಂದು ಗದರಿದರು. ಬೀಗಿತ್ತಿ ಬೆಚ್ಚಿದರು, ಕೂಸು ಅತ್ತಿತು.

ಸಂಜೆ ಅಳಿಯ ನಯವಾಗಿ, “ಅದನ್ನ ಹಾಗೆ ಬೇರೆಯವರಿಗೆ ಹೇಳಿದ್ರೆ ಜಬರ್ದಸ್ತಿ ಮಾಡ್ದಂಗಾಗತ್ತೆ ಅತ್ತೆ. ನಾವು ಎದ್ದು ಹೊರಡುವಾಗ ಹೇಳಿದ್ರೆ ಚೆಂದ” ಎಂದ. ತಾಯಿಯ ಪರ ಮಗ ಮಾತಾಡದೆ ಇನ್ನಾರು ಮಾತಾಡುತ್ತಾರೆ ಎಂದುಕೊಂಡು ಟೈಂ ಕೀಪರಮ್ಮ ಮೂತಿ ತಿರುಗಿಸಿದರು.

ಭಾನುವಾರ ರಿಜಿಸ್ಟರನ್ನು ಮಗಳ ಮುಂದಿಡುವುದೆಂದು ತೀರ್ಮಾನವಾಯಿತು; ‘ಭಾನುವಾರ ಒಂದು ತೋರಿಸ್ತೀನಿ’ ಎಂದು ಅವಳಿಗೆ ಹೇಳಿಯೂ ಇಟ್ಟರು. ಕಳ್ಳಿಯನ್ನು ಕೈಯಾರೆ ಹಿಡಿಯುವುದೊಂದು ಬಾಕಿ. ಕೆಲಸದಲ್ಲಿದ್ದಷ್ಟು ದಿನವೂ ಅವರು ಬಸ್ಸಿನ ಹತ್ತಿರ ಹೋದವರಲ್ಲ, ಬಸ್ಸೇ ಅವರ ಕಿಟಕಿಗೆ ಬರಬೇಕಿತ್ತು. ಶನಿವಾರ ಆ ವ್ರತ ಮುರಿದರು. ಹತ್ತು ಗಂಟೆ ನಾಲ್ಕು ನಿಮಿಷಕ್ಕೆ ಕೆಳಗಿನಿಂದ “ಆಓರ” ಕೇಳಿದ್ದೇ ತಡ, ಚಪ್ಪಲಿ ಬಿಟ್ಟು, ಪುಸ್ತಕ ಕಂಕುಳಿಗೆ ಸಿಕ್ಕಿಸಿ, ಸದ್ದಾಗದಂತೆ ಇಳಿದರು.

ಒಂದನೇ ಮಹಡಿಯ ತಿರುವಿನಲ್ಲಿ ಬಗ್ಗಿ ನೋಡಿದರು. ಕೆಳಗಿನಿಂದ ಆರನೇ ಮೆಟ್ಟಿಲಲ್ಲಿ ಬೀಗಿತ್ತಿ ಕೂತಿದ್ದರು. ಫೋನಿಲ್ಲ, ಹರಟೆಯಿಲ್ಲ. ಬಲ ಮೊಣಕಾಲನ್ನು ಎರಡೂ ಕೈಯಲ್ಲಿ ಅದುಮಿ ಹಿಡಿದು, ತುಟಿ ಕಚ್ಚಿಕೊಂಡಿದ್ದರು. ಸ್ವಲ್ಪ ಹೊತ್ತಿಗೆ ಕಂಬಿ ಹಿಡಿದು ಎದ್ದು ಒಂದು ಮೆಟ್ಟಿಲು ಹತ್ತಿ, ಇನ್ನೊಂದು ಹತ್ತಿ, ಮತ್ತೆ ಕೂತರು. ಟೈಂ ಕೀಪರಮ್ಮ ಗಡಿಯಾರ ನೋಡಿಕೊಂಡರು. ಹತ್ತು ಗಂಟೆ ಏಳು ನಿಮಿಷ. ಅಂದರೆ ಕೂಗಿದ ಕ್ಷಣಕ್ಕೇ ಎದ್ದು ಹೊರಟಿದ್ದಾರೆ. ದಿನವೂ ಹಾಗೆಯೇ ಹೊರಟಿರಬೇಕು. ಮುಖ ಒರೆಸಿಕೊಂಡು ನಗು ತಂದುಕೊಳ್ಳುತ್ತಿದ್ದುದು ಬಹುಶಃ ಕೊನೆಯ ಮೆಟ್ಟಿಲಲ್ಲಿ.

ಬೀಗಿತ್ತಿ ತಲೆಯೆತ್ತಿದರು. ಮೊಣಕಾಲ ಮೇಲಿನ ಕೈ ಸರಕ್ಕನೆ ತೆಗೆದರು. ತುಟಿಯ ಮೇಲೆ ಬೆರಳಿಟ್ಟು, ತಮಗೆ ಬಂದಷ್ಟು ಕನ್ನಡದಲ್ಲಿ, “ಮಗಂಗೆ... ಹೇಳ್ಬೇಡ” ಎಂದರು. ಆಮೇಲೆ ಎರಡು ತೋಳನ್ನೂ ಕೂಸು ತೂಗುವಂತೆ ಆಡಿಸಿ, ಖಾಲಿ ಕೈ ತೋರಿಸಿ, “ಕೊಡಲ್ಲ. ನಂಗೆ ಕೊಡಲ್ಲ” ಎಂದರು. ಕಣ್ಣು ತುಂಬಿತ್ತು.

ಟೈಂ ಕೀಪರಮ್ಮನಿಗೆ ನಾಚಿಕೆಯಿಂದ ಭೂಮಿಗಿಳಿದು ಹೋದಂತಾಯಿತು. ಒಂದು ವಾರದಿಂದ ತಮ್ಮ ಹೊಟ್ಟೆಯಲ್ಲಿದ್ದ ಭಯವೇ ಆ ಮೆಟ್ಟಿಲ ಮೇಲೆ ಕೂತಿತ್ತು. ಮೂವತ್ತೊಂದು ವರ್ಷದ ರಿಜಿಸ್ಟರಿನಲ್ಲಿ ದಾರಿಗೆ ಅಂತ ಒಂದು ಕಾಲಮ್ಮೇ ಇರಲಿಲ್ಲವಲ್ಲ ಎನಿಸಿತು. ಪುಸ್ತಕವನ್ನು ಬೆನ್ನ ಹಿಂದೆ ಸರಿಸಿ, ಬೀಗಿತ್ತಿಯ ಪಕ್ಕ ಕೂತರು.

ಭಾನುವಾರ ಮಗಳೇ ಕೇಳಿದಳು. “ಅಮ್ಮ, ಏನೋ ತೋರಿಸ್ತೀನಿ ಅಂದಿದ್ದೆಯಲ್ಲ, ಎಲ್ಲಿ?”

“ಏನಿಲ್ಲ ಬಿಡೆ. ದಿನಾ ಹತ್ತಕ್ಕೆ ಕೂಸನ್ನ ನಾನೇ ಕೆಳಗೆ ತಗೊಂಡೋಗ್ತೀನಿ, ಸ್ನಾನ ಅಲ್ಲೇ ಆಗ್ಲಿ, ಮಧ್ಯಾಹ್ನದವರೆಗೂ ಅಲ್ಲೇ ಇರ್ಲಿ. ಡಾಕ್ಟ್ರು ಮೆಟ್ಟಿಲು ಹತ್ತಿ ಇಳೀರಿ ಅಂದಿದಾರೆ.”

“ಯಾವ ಡಾಕ್ಟ್ರು? ಯಾವಾಗ ಹೋಗಿದ್ದೆ?”

“ಹೋಗಿದ್ದೆ ಕಣೆ ಯಾವಾಗ್ಲೋ” ಎಂದು ಟೈಂ ಕೀಪರಮ್ಮ ಮುಖ ತಪ್ಪಿಸಿದರು. ಪಂಕ್ಚರು ಹೇಳುವ ಡ್ರೈವರೂ ಇದಕ್ಕಿಂತ ಚೆನ್ನಾಗಿ ಸುಳ್ಳು ಹೇಳುತ್ತಿದ್ದ. ಮಗಳು ತಾಯಿಯನ್ನು ಒಂದು ಥರ ನೋಡಿದಳು.

ಸೋಮವಾರ ಹತ್ತಕ್ಕೆ, ಈ ಸಲ ಕೆಳಗಿನಿಂದ ಬೀಗಿತ್ತಿ ಕೂಗಿದರು. ಟೈಂ ಕೀಪರಮ್ಮ ಕೂಸನ್ನು ಸೊಂಟಕ್ಕೇರಿಸಿ, ಕಂಬಿಗೆ ಬಾಗಿ, “ಆಓರ!” ಎಂದು ಉತ್ತರ ಕೊಟ್ಟು ಆ ಕ್ಷಣವೇ ಹೊರಟರು. ಆದರೆ ಕೂಸಿಗೆ ಪ್ರತಿ ಕಂಬಿಯನ್ನೂ ಬಡಿಯಬೇಕು. ಎರಡನೇ ಮಹಡಿಯಲ್ಲಿ ಬೂಟು ಬಿತ್ತು, ಒಂದನೇ ಮಹಡಿಯಲ್ಲಿ ಬೆಕ್ಕು ಕಂಡಿತು. ಕೆಳಗೆ ಮುಟ್ಟುವಷ್ಟರಲ್ಲಿ ಹದಿನಾಲ್ಕು ನಿಮಿಷ.

ಬೀಗಿತ್ತಿ ಬಾಗಿಲಲ್ಲೇ ನಿಂತಿದ್ದರು. ಟೈಂ ಕೀಪರಮ್ಮ ಏದುಸಿರು ಬಿಡುತ್ತ, “ಅದು ಏನಾಯ್ತು ಅಂದ್ರೆ, ದಾರೀಲಿ...” ಎಂದು ಶುರು ಮಾಡಿದವರು ನಾಲಿಗೆ ಕಚ್ಚಿಕೊಂಡರು.

ಬೀಗಿತ್ತಿ ಕಾರಣ ಕೇಳಲಿಲ್ಲ. ಕೂಸಿಗೆ ಕೈ ಚಾಚಿದರು.