ನಾನೇ ಬಿಗಿದ ಅರ್ತ್ ವೈರು

ಗಾಡಿ ಸ್ಟಾರ್ಟ್ ಆಗದಿದ್ದರೆ ಮೊದಲು ಏನು ನೋಡಬೇಕು ಎಂದು ಈಗ ಯಾರು ಕೇಳಿದರೂ ಹೇಳುತ್ತೇನೆ. ಬ್ಯಾಟರಿಯ ಎರಡು ತುದಿಗಳೂ ಬಿಗಿಯಾಗಿವೆಯೇ ನೋಡಿ, ಆಮೇಲೆ ಅರ್ತ್ ನೋಡಿ. ಬ್ಯಾಟರಿಯ ಮೈನಸ್ಸಿನಿಂದ ಗಾಡಿಯ ಮೈಗೆ ಬೋಲ್ಟ್ ಹಾಕಿ ಬಿಗಿದಿರುವ ದಪ್ಪ ವೈರಿಗೆ ನಮ್ಮ ಕಡೆ ಅರ್ತ್ ಎನ್ನುತ್ತಾರೆ. ಹೋದ ಕರೆಂಟು ವಾಪಸ್ ಬರುವ ದಾರಿ ಅದು. ದಾರಿ ಕಟ್ಟಿಕೊಂಡರೆ ಬ್ಯಾಟರಿ ಎಷ್ಟು ಹೊಸದಾದರೂ ಪ್ರಯೋಜನವಿಲ್ಲ. ಇದನ್ನೇ ನಾನು ಹೈಸ್ಕೂಲು ಮಕ್ಕಳಿಗೆ ವರ್ಷವರ್ಷವೂ ಬೋರ್ಡಿನ ಮೇಲೆ ಬರೆದು ಪಾಠ ಮಾಡಿದ್ದೇನೆ. ನನ್ನ ಗಾಡಿಯಲ್ಲಿ ನೋಡಲಿಲ್ಲ.

ನಮ್ಮ ಮನೆತನದಲ್ಲಿ ಡಿಗ್ರಿ ಮಾಡಿದ ಮೊದಲನೆಯವನು ನಾನು. ಬಿಎಸ್ಸಿ, ಅದರಲ್ಲೂ ಫಿಸಿಕ್ಸು. ಅದರ ಹೆಮ್ಮೆ ನನಗೆ ಇವತ್ತಿಗೂ ಇದೆ, ಸುಳ್ಳು ಯಾಕೆ ಹೇಳಲಿ. ಆ ಡಿಗ್ರಿ ನನ್ನೊಬ್ಬನ ಬುದ್ಧಿಯಿಂದ ಬಂದದ್ದಲ್ಲ. ನನ್ನ ಅಕ್ಕ ಹನ್ನೆರಡನೇ ವಯಸ್ಸಿಗೇ ಮಾಲೂರಿನ ಹೆಂಚಿನ ಕಾರ್ಖಾನೆಗೆ ಸೇರಿ ಹಸಿ ಹೆಂಚು ಹೊತ್ತಳು. ನಮ್ಮೂರು ಟೇಕಲ್‌ನಿಂದ ಬೆಳಿಗ್ಗೆ ರೈಲಿಗೆ ಹೋಗಿ, ಸಂಜೆ ರೈಲಿಗೆ ಬರುತ್ತಿದ್ದಳು. ನಾನು ಪಾಸಾದೆ ಎಂದು ಹೇಳಿದಾಗ ಅವಳು ಕೇಳಿದ್ದು ಒಂದೇ ಮಾತು: "ಇನ್ಮೇಲೆ ನಿನ್ನ ಯಾರೂ ಲೇ ಅನ್ನಲ್ಲ ಅಲ್ವೇನೋ?"

ಅಕ್ಕನ ಗಂಡ ತೀರಿಕೊಂಡ ಮೇಲೆ ಅವಳು ನನ್ನ ಮನೆಯಲ್ಲೇ ಇದ್ದಳು. ಐವತ್ತು ತುಂಬುವ ಮೊದಲೇ ಅವಳ ಎರಡೂ ಕಿಡ್ನಿ ಕೈಕೊಟ್ಟವು. ವಾರಕ್ಕೆ ಎರಡು ಸಲ ಕೋಲಾರಕ್ಕೆ ಕರೆದುಕೊಂಡು ಹೋಗಿ ಡಯಾಲಿಸಿಸ್ ಮಾಡಿಸಬೇಕಾಗಿತ್ತು. ಬೆಳಿಗ್ಗೆ ಎಂಟಕ್ಕೆ ಅವಳ ಸರದಿ. ತಡವಾದರೆ ಮೆಷಿನ್ನು ಇನ್ನೊಬ್ಬರಿಗೆ ಹೋಗುತ್ತಿತ್ತು, ಅದು ತಪ್ಪೂ ಅಲ್ಲ, ಕಾಯುವವರು ಅಷ್ಟಿದ್ದರು. "ಒಂದು ಸರದೀನೂ ತಪ್ಪಿಸಬೇಡಿ, ಇವರ ಹಾರ್ಟು ತಡೆಯಲ್ಲ" ಎಂದು ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ್ದರು. ಅದಕ್ಕೆಂದೇ ನಾನು ಒಂದು ಹಳೆಯ ಪೆಟ್ರೋಲ್ ವ್ಯಾನು ತೆಗೆದುಕೊಂಡೆ.

ಆಯುಧಪೂಜೆಗೆ ಗಾಡಿ ಇಟ್ಟುಕೊಂಡವರೆಲ್ಲ ತೊಳೆದು ಬಣ್ಣ ಹೊಡೆಸುವುದು ನಮ್ಮ ಕಡೆ ರೂಢಿ. ನನ್ನ ವ್ಯಾನಿನ ಒಳಮೈ ತುಕ್ಕು ಹಿಡಿದಿತ್ತು. ಬ್ಯಾಟರಿ ಕೂರುವ ಜಾಗವನ್ನೂ ಸೇರಿಸಿ ಒಳಗೆಲ್ಲ ಹೊಡೆದುಬಿಡು ಎಂದು ಪೇಂಟರಿಗೆ ಹೇಳಿದೆ. ಅವನು, "ವೈರ್ ಹಾಕೋಕೆ ಎಲೆಕ್ಟ್ರಿಷನ್‌ನ ಕರೆಸ್ಲಾ ಸಾರ್?" ಎಂದ. "ಬೇಡ, ನಾನೇ ಹಾಕ್ತೀನಿ. ಮಕ್ಕಳಿಗೆ ಅದನ್ನೇ ಹೇಳ್ಕೊಡೋದು" ಎಂದೆ. ಹಬ್ಬದ ಹಿಂದಿನ ದಿನ ಮನೆಯ ಅಂಗಳದಲ್ಲಿ ಗಾಡಿ ನಿಲ್ಲಿಸಿಕೊಂಡು, ಹೊಸ ಹಸಿರು ಬಣ್ಣದ ಮೇಲೆ ಅರ್ತ್ ವೈರನ್ನು ಇಟ್ಟು ಬೋಲ್ಟು ಬಿಗಿದೆ. ಬಣ್ಣ ಕೆರೆದು ಲೋಹ ಕಾಣಿಸಬೇಕು ಎಂಬುದು ನನಗೆ ಗೊತ್ತಿರಲಿಲ್ಲವೆಂದಲ್ಲ. ಅಷ್ಟು ಚೆನ್ನಾಗಿ ಬಂದಿದ್ದ ಬಣ್ಣವನ್ನು ಹಬ್ಬದ ಮುಂದೆ ಕೆರೆಯಲು ಮನಸ್ಸಾಗಲಿಲ್ಲ. ಕೀ ತಿರುಗಿಸಿದೆ, ಸ್ಟಾರ್ಟ್ ಆಯಿತು. ಮಾರನೆಯ ದಿನ ಅರಿಶಿನ ಕುಂಕುಮ ಇಟ್ಟು, ಚಕ್ರಕ್ಕೆ ನಿಂಬೆಹಣ್ಣು ಕೊಟ್ಟು ಪೂಜೆ ಮುಗಿಸಿದೆವು.

ಬೋಲ್ಟಿನ ತ್ರೆಡ್ಡಿನ ಮೂಲಕ ಕರೆಂಟು ಹೇಗೋ ದಾಟುತ್ತಿತ್ತು. ಮಂಜು ಬೀಳುವ ಕಾಲ ಬಂದ ಮೇಲೆ ಅಲ್ಲೂ ತುಕ್ಕು ಹಿಡಿಯಿತು. ಬೆಳಿಗ್ಗೆ ಕೀ ತಿರುಗಿಸಿದರೆ ಒಂದು "ಟಕ್" ಶಬ್ದ, ಅಷ್ಟೇ. ಲೈಟು ಉರಿಯುತ್ತಿತ್ತು, ಹಾರನ್ನು ಕೂಗುತ್ತಿತ್ತು. ಮೀಟರ್ ಹಿಡಿದರೆ ಹನ್ನೆರಡೂವರೆ ವೋಲ್ಟು. ಬ್ಯಾಟರಿ ಮುದಿಯಾಗಿದೆ ಎಂದು ಹೊಸದು ಹಾಕಿಸಿದೆ. ಎರಡು ವಾರ ಸರಿಯಿತ್ತು, ಮತ್ತೆ ಅದೇ ಟಕ್. ಅಲ್ಲಿಂದ ದಿನಾ ಸಂಜೆ ಗಾಡಿಯನ್ನು ಶಾಲೆಯ ಹಿಂದಿನ ಇಳಿಜಾರಿನಲ್ಲಿ ಮುಖ ಕೆಳಗೆ ಮಾಡಿ ನಿಲ್ಲಿಸತೊಡಗಿದೆ. ಬೆಳಿಗ್ಗೆ ಬ್ರೇಕ್ ಬಿಟ್ಟರೆ ಉರುಳಿಕೊಂಡು ಸ್ಟಾರ್ಟ್ ಆಗುತ್ತಿತ್ತು.

"ಇದು ಬಿಎಸ್ಸಿ ಗಾಡಿ ಕಣೋ" ಎಂದು ಅಕ್ಕ ನಗುತ್ತಿದ್ದಳು. "ಹತ್ತೋಕೆ ಬರಲ್ಲ, ಇಳಿಯೋದು ಮಾತ್ರ ಕಲ್ತೈತೆ."

"ಸುಮ್ನೆ ಕೂತ್ಕೊಳಕ್ಕ. ಭಾನುವಾರ ನೋಡ್ತೀನಿ" ಎನ್ನುತ್ತಿದ್ದೆ.

ಆ ಗುರುವಾರ ಕೋಲಾರಕ್ಕೆ ಅರ್ಧ ದಾರಿ ಹೋಗಿದ್ದೆವು. "ವಾಂತಿ ಬರಂಗಾಗ್ತೈತೆ, ನಿಲ್ಸು" ಎಂದಳು. ರಸ್ತೆ ಬದಿಗೆ ನಿಲ್ಲಿಸಿದೆ. ನಿಂತ ಗಾಡಿಯಲ್ಲಿ ಎಂಜಿನ್ ಆಫ್ ಮಾಡುವುದು ನನ್ನ ಅಭ್ಯಾಸ. ಕೈ ತಾನಾಗಿ ಕೀ ತಿರುಗಿಸಿತು. ಅವಳು ಬಾಯಿ ತೊಳೆದುಕೊಂಡು ಬಂದು ಕೂತಳು. ಟಕ್. ರಸ್ತೆ ಅಲ್ಲಿ ಸಣ್ಣಗೆ ಏರುತ್ತಿತ್ತು, ತಳ್ಳಲು ಜನವಿರಲಿಲ್ಲ. ಏಳೂ ಹತ್ತಾಗಿತ್ತು.

ಐದು ನಿಮಿಷಕ್ಕೆ ಟೊಮೆಟೊ ಕ್ರೇಟು ತುಂಬಿದ ಒಂದು ಪಿಕಪ್ ಬಂದು ನಿಂತಿತು. ಡ್ರೈವರು ಪಕ್ಕದೂರಿನವನು, ನನ್ನನ್ನು ಶಾಲೆಯಲ್ಲಿ ನೋಡಿದ್ದವನು.

"ಏನಾಯ್ತು ಮೇಷ್ಟ್ರೇ?"

"ಸ್ಟಾರ್ಟರ್ ಪ್ರಾಬ್ಲಮ್ಮು."

ಅವನು ಇಳಿದು ಬಂದು ಇಣುಕಿದ. "ಅರ್ತ್ ನೋಡಿದ್ರಾ? ಒಂದ್ಸಲ ಬಿಚ್ಚಿ ಹಾಕಿ ನೋಡಿ ಸಾರ್."

"ಅದು ಸರಿಯಾಗೈತಪ್ಪ. ನಾನೇ ಹಾಕಿರೋದು."

"ಹಂಗಾರೆ ಅಕ್ಕನ್ನ ನನ್ ಗಾಡೀಲಿ ಕಳ್ಸಿ. ಮಾರ್ಕೆಟ್‌ಗೇ ಹೋಗ್ತಿದೀನಿ, ಆಸ್ಪತ್ರೆ ಹತ್ರ ಇಳಿಸ್ತೀನಿ."

ಅಕ್ಕ ಆಗಲೇ ಚೀಲ ಕೈಗೆ ತೆಗೆದುಕೊಂಡು, ಊದಿದ ಕಾಲು ಕೆಳಗಿಟ್ಟಿದ್ದಳು. "ಹೋಗ್ತೀನಿ ಕಣೋ. ನೀನು ಆಮೇಲೆ ಬಾ."

"ಎರಡು ನಿಮಿಷ ತಡಿಯಕ್ಕ" ಎಂದೆ. "ಆ ಕುಲುಕಾಟದಲ್ಲಿ ಎಲ್ಲಿ ಹೋಗ್ತೀಯ. ಈಗ ಆಗ್ತದೆ."

ಅವನ ಮುಂದೆ ನನ್ನ ಗಾಡಿ ಸೋಲುವುದು ನನಗೆ ಬೇಡವಾಗಿತ್ತು. ಇದನ್ನು ಬೇರೆ ಯಾವ ಮಾತಿನಲ್ಲೂ ಹೇಳಲಾರೆ. ಅವನು ಒಂದು ಗಳಿಗೆ ನಿಂತು, "ನಿಮ್ಮಿಷ್ಟ ಮೇಷ್ಟ್ರೇ" ಎಂದು ಹೊರಟುಹೋದ. ಅಕ್ಕ ಕಾಲು ಒಳಗೆ ತೆಗೆದುಕೊಂಡಳು.

ನಾನು ಮೀಟರ್ ಹಿಡಿದು ಒಂದೊಂದೇ ಜಾಗ ಮುಟ್ಟಿ ನೋಡಿದೆ. ಫ್ಯೂಸು, ಕೀ ಸ್ವಿಚ್ಚು, ಸ್ಟಾರ್ಟರಿನ ತಲೆ. ಎಲ್ಲ ಕಡೆ ವೋಲ್ಟು ತೋರಿಸುತ್ತಿತ್ತು. ಸ್ಟಾರ್ಟರ್ ಎಳೆಯುವಷ್ಟು ಕರೆಂಟು ಹರಿಯದಿರುವಾಗ ಅಳೆದರೆ ಕೆಟ್ಟ ವೈರೂ ಒಳ್ಳೆಯದೇ ಅನ್ನಿಸುತ್ತದೆ. ಮುಕ್ಕಾಲು ಗಂಟೆ ಹೋಯಿತು. ಕೊನೆಗೆ ಬಸ್ಸಿಗೆ ಕೈ ಅಡ್ಡ ಹಿಡಿದೆ. ಆಸ್ಪತ್ರೆ ತಲುಪುವ ಹೊತ್ತಿಗೆ ಒಂಬತ್ತು ಗಂಟೆ. ಅವಳ ಮೆಷಿನ್ನಿನಲ್ಲಿ ಮುಳಬಾಗಿಲಿನ ಒಬ್ಬ ಮುದುಕರು ಮಲಗಿದ್ದರು. ಆ ದಿನ ಬೇರೆ ಯಾವ ಮೆಷಿನ್ನೂ ಖಾಲಿ ಇರಲಿಲ್ಲ, ನಾಳೆ ಮೊದಲ ಸರದಿಗೆ ಬನ್ನಿ ಎಂದರು.

ನಾಳೆಯ ಸರದಿಗೆ ಕಾಯುವಷ್ಟು ಅವಳ ಮೈ ತಡೆಯಲಿಲ್ಲ. ಅದೇ ಸಂಜೆ ಉಸಿರು ಹಿಡಿದುಕೊಂಡಿತು. ಮಲಗಲು ಆಗದೆ ಗೋಡೆಗೆ ಆನಿಸಿಕೊಂಡು ಕೂತು ಬಾಯಿಂದ ಉಸಿರೆಳೆಯತೊಡಗಿದಳು. ಆಂಬುಲೆನ್ಸಿನಲ್ಲಿ ಕರೆದೊಯ್ದೆವು. ಐದು ದಿನ ಐಸಿಯುನಲ್ಲಿದ್ದಳು. ಬದುಕಿಕೊಂಡಳು, ಆದರೆ ಹಾರ್ಟಿನ ಶಕ್ತಿ ಮೊದಲಿನ ಅರ್ಧಕ್ಕೆ ಇಳಿದಿದೆ ಎಂದರು.

ಅವಳು ಐಸಿಯುನಲ್ಲಿ ಇದ್ದಾಗಲೇ ವ್ಯಾನನ್ನು ಕೋಲಾರಕ್ಕೆ ಎಳೆಸಿದೆ. ಎಲೆಕ್ಟ್ರಿಷನ್ ಆಂಧ್ರದ ಗಡಿ ಕಡೆಯವನು, ಶಾಲೆ ಮೆಟ್ಟಿಲು ಹೆಚ್ಚು ಹತ್ತಿದವನಲ್ಲ. ಮೀಟರ್ ಮುಟ್ಟಲೇ ಇಲ್ಲ. ಒಂದು ದಪ್ಪ ಕೇಬಲ್ಲಿನ ಒಂದು ತುದಿಯನ್ನು ಬ್ಯಾಟರಿಯ ಮೈನಸ್ಸಿಗೂ ಇನ್ನೊಂದನ್ನು ನೇರ ಎಂಜಿನ್ನಿಗೂ ಹಚ್ಚಿ, "ಹೊಡೀರಿ ಸಾರ್" ಎಂದ. ಒಂದೇ ಏಟಿಗೆ ಎಂಜಿನ್ ಎದ್ದಿತು. ಆಮೇಲೆ ಬೋಲ್ಟು ಬಿಚ್ಚಿದ. ವೈರಿನ ತುದಿ ಕೂತಿದ್ದ ಜಾಗದಲ್ಲಿ ಹಸಿರು ಬಣ್ಣ ಹಾಗೇ ಹೊಳೆಯುತ್ತಿತ್ತು.

"ಎವಡು ವಾಡು?" ಎಂದು ತೆಲುಗಿನಲ್ಲಿ ಗೊಣಗಿ, ನನ್ನ ಕಡೆ ತಿರುಗಿದ. "ಯಾವನ್ ಸಾರ್ ಇದು, ಪೇಂಟ್ ಮೇಲೆ ಅರ್ತ್ ಕೂರಿಸಿರೋನು? ದನ ಕಾಯೋನೂ ಹಿಂಗೆ ಮಾಡಲ್ಲ."

"ಪೇಂಟರ್" ಎಂದೆ.

ಉಪ್ಪುಕಾಗದದಿಂದ ಎರಡು ನಿಮಿಷ ತಿಕ್ಕಿ ಲೋಹ ಬೆಳ್ಳಗೆ ಮಾಡಿ ಬಿಗಿದುಕೊಟ್ಟ. ಅಲ್ಲಿಂದ ಇಲ್ಲಿಯವರೆಗೆ ಆ ಗಾಡಿ ಒಂದು ದಿನವೂ ನಿಂತಿಲ್ಲ.

ಅಕ್ಕ ಮನೆಗೆ ಬಂದ ಮೇಲೆ ಕೇಳಿದಳು. "ಗಾಡಿಗೆ ಏನಾಗಿತ್ತಂತೋ?"

"ಪೇಂಟರ್ ವೈರನ್ನ ಬಣ್ಣದ ಮೇಲೆ ಹಾಕ್ಬಿಟ್ಟಿದ್ದ."

"ಅವನಿಗೇನೂ ಅನ್ಬೇಡ ಕಣೋ" ಎಂದಳು. "ಬೇಕಂತ ಯಾರ್ ಮಾಡ್ತಾರೆ."

ನಾನು ಅಂಗಳದಲ್ಲಿ ಆ ಬೋಲ್ಟು ಬಿಗಿಯುವಾಗ ಜಗಲಿಯ ಮೇಲೆ ಕೂತು ಸ್ಪ್ಯಾನರು ಎತ್ತಿಕೊಟ್ಟಿದ್ದವಳು ಅವಳೇ.

ಆಮೇಲೆ ನಾಲ್ಕು ತಿಂಗಳು ಬದುಕಿದಳು. ಆ ಒಂದು ಸರದಿಯಿಂದಲೇ ಹೀಗಾಯಿತು ಎನ್ನಲಾಗದು ಎಂದು ಡಾಕ್ಟರು ಹೇಳಿದರು. ಆಗಲಿಲ್ಲ ಎಂದೂ ಹೇಳಲಿಲ್ಲ. ಆ ನಾಲ್ಕು ತಿಂಗಳು ವಾರಕ್ಕೆ ಎರಡು ಸಲ ಕೋಲಾರಕ್ಕೆ ಹೋಗಿಬರುವಾಗ ಅವಳು ನನ್ನ ಪಕ್ಕದ ಸೀಟಿನಲ್ಲೇ ಇರುತ್ತಿದ್ದಳು, ಇಬ್ಬರೇ. ಅದು ನನ್ನ ಕೈಯ ತಪ್ಪು ಅಕ್ಕ ಎಂದು ಹೇಳಲು ಒಂದು ನಿಮಿಷವೂ ಬೇಕಿರಲಿಲ್ಲ. ಹೇಳಲಿಲ್ಲ.