ಎರಡು ಜೀವದಾಕಿಗೆ ಕುಬಸ

ನಮ್ಮ ಚರ್ಚಿನ ಗುರುಗಳು ಫೋನ್ ಮಾಡಿದಾಗ ನಾನು ಹತ್ತನೇ ತರಗತಿಯ ಇಂಗ್ಲಿಷ್ ಉತ್ತರಪತ್ರಿಕೆಗಳ ರಾಶಿಯ ನಡುವೆ ಕೂತಿದ್ದೆ. "ಟೀಚರ್, ಮೂರು ದಿನ ರಜಾ ಹಾಕ್ರಿ. ನಿಮ್ಮಿಂದ ಒಂದು ಕೆಲಸ ಆಗಬೇಕಾಗೇದ," ಅಂದರು.

ಪೋಲೆಂಡಿನಿಂದ ಒಬ್ಬರು ಪಾದ್ರಿ ಬರುವವರಿದ್ದರು. ತಾಯಿಯ ಹೊಟ್ಟೆಯಲ್ಲಿರುವ ಕೂಸಿನ ಜೀವದ ಬೆಲೆ ಏನು ಅನ್ನುವುದನ್ನು ದೇಶದೇಶ ತಿರುಗಿ ಹೇಳುವುದೇ ಅವರ ಸೇವೆಯಂತೆ. ರಾಯಚೂರು, ದೇವದುರ್ಗದ ಕಡೆಯ ಒಂದು ಹಳ್ಳಿ, ಮಾನ್ವಿ, ಹೀಗೆ ಮೂರು ಕಡೆ ಮಾತು. ಅನುವಾದ ಮಾಡಬೇಕಾಗಿದ್ದ ನಮ್ಮ ಚರ್ಚಿನ ಉಪದೇಶಿಗೆ ಗಂಟಲು ಕಟ್ಟಿ ಸದ್ದೇ ಹೊರಡುತ್ತಿರಲಿಲ್ಲ.

ನಾನು ಕೂಡಲೇ ಹ್ಞೂಂ ಅನ್ನಲಿಲ್ಲ. ನನಗೆ ಒಬ್ಬಳೇ ಮಗಳು. ಅವಳು ಹುಟ್ಟಿದ ಮೇಲೆ ಹತ್ತು ವರ್ಷ "ಇನ್ನೊಂದು ಯಾವಾಗ?" ಎಂದು ಕೇಳಿದವರಿಗೆ ಉತ್ತರ ಕೊಟ್ಟು ಕೊಟ್ಟು ನನ್ನ ನಾಲಿಗೆ ಚೂಪಾಗಿದೆ. ಹೆಂಗಸರ ಹೊಟ್ಟೆಯ ಬಗ್ಗೆ ಗಂಡಸರು ಮೈಕು ಹಿಡಿದು ಮಾತಾಡುವುದು ನನಗೆ ಮೊದಲಿನಿಂದಲೂ ಆಗಿಬರದು. ಆದರೆ ಉತ್ತರಪತ್ರಿಕೆಗಳ ಕಡೆ ಒಮ್ಮೆ ನೋಡಿದೆ. ಇನ್ನೂ ಎಂಬತ್ತು ಬಾಕಿ ಇದ್ದವು. "ಬರ್ತೀನ್ರಿ ಫಾದರ್," ಅಂದೆ.

ಜನವರಿಯ ಒಂದು ಬೆಳಗ್ಗೆ ಹೈದರಾಬಾದ್ ಕಡೆಯ ರೈಲಿನಿಂದ ಅವರು ಇಳಿದರು. ಅರವತ್ತು ದಾಟಿದ ವಯಸ್ಸು, ಬಾಗಿಲು ತುಂಬುವ ಆಳು. ನಮಗೆ ಸ್ವೆಟರ್ ಬೇಕಾಗುವ ಚಳಿಯಲ್ಲಿ ಅವರ ಕುತ್ತಿಗೆಯಿಂದ ಬೆವರು ಇಳಿಯುತ್ತಿತ್ತು. ದೊಡ್ಡ ಸೂಟ್‌ಕೇಸನ್ನು ಹಮಾಲನಿಗೆ ಕೊಟ್ಟರು, ಎದೆಗೆ ಅವಚಿಕೊಂಡಿದ್ದ ಒಂದು ಸಣ್ಣ ಪೆಟ್ಟಿಗೆಯನ್ನು ಮಾತ್ರ ಕೊಡಲಿಲ್ಲ. ಅವರ ಇಂಗ್ಲಿಷ್ ನಿಧಾನ; ಒಂದೊಂದು ಪದವನ್ನೂ ಬಾವಿಯಿಂದ ಸೇದಿ ತೆಗೆದ ಹಾಗೆ. ನನಗೆ ಅದು ಅನುಕೂಲವೇ ಆಯಿತು. ಅವರು ಮುಂದಿನ ಪದ ಹುಡುಕುವಷ್ಟರಲ್ಲಿ ನನ್ನ ಕನ್ನಡ ಸಿದ್ಧವಾಗಿರುತ್ತಿತ್ತು.

ರಾಯಚೂರಿನ ಸಭೆ ಸಂಜೆ ಚರ್ಚಿನ ಹಾಲಿನಲ್ಲಿ ನಡೆಯಿತು. ಅವರು ಮುಕ್ಕಾಲು ಗಂಟೆ ಮಾತಾಡಿದರು. ಸೃಷ್ಟಿ, ಘನತೆ, ಹಕ್ಕು, ಸಂಸ್ಕೃತಿ ಅಂತೆಲ್ಲ ದೊಡ್ಡ ದೊಡ್ಡ ಪದಗಳು. ನಾನೂ ಪಠ್ಯಪುಸ್ತಕದ ಕನ್ನಡದಲ್ಲಿ ಹೇಳುತ್ತಾ ಹೋದೆ. ಕೊನೆಗೆ ಪೆಟ್ಟಿಗೆ ತೆರೆದರು. ಒಳಗೆ ಹತ್ತಿಯ ಮೇಲೆ ರಬ್ಬರಿನ ಪುಟ್ಟ ಕೂಸುಗಳು, ಒಂದೊಂದೂ ಹೆಬ್ಬೆರಳಿನಷ್ಟು. ಮೂರು ತಿಂಗಳಿಗೆ ಕೂಸು ಇಷ್ಟಿರುತ್ತದೆ ಎಂದು ಅಂಗೈ ಮೇಲಿಟ್ಟು ತೋರಿಸಿದರು. ಜನ ಶಿಸ್ತಿನಿಂದ ನೋಡಿದರು, ಶಿಸ್ತಿನಿಂದ ಚಪ್ಪಾಳೆ ತಟ್ಟಿದರು. ಒಬ್ಬರೂ ಒಂದು ಪ್ರಶ್ನೆ ಕೇಳಲಿಲ್ಲ.

"ಅವರಿಗೆ ಅರ್ಥವಾಯಿತೇ?" ಎಂದು ಪಾದ್ರಿಗಳು ನನ್ನನ್ನು ಕೇಳಿದರು.

"ಚೆನ್ನಾಗಿ," ಅಂದೆ. ಸುಳ್ಳು.

ಮರುದಿನ ಜೀಪಿನಲ್ಲಿ ದೇವದುರ್ಗದ ದಾರಿ ಹಿಡಿದೆವು. ಗಬ್ಬೂರು ದಾಟುವಾಗ ನನಗೆ ಆ ಸುಳ್ಳು ಚುಚ್ಚತೊಡಗಿತು. "ಫಾದರ್, ಹೇಳುವುದು ಸುಲಭ. ಹೊರುವವಳು ಬೇರೆ," ಎಂದುಬಿಟ್ಟೆ. ಅವರಿಗೆ ಸಿಟ್ಟು ಬರುತ್ತದೆ ಅಂದುಕೊಂಡಿದ್ದೆ. ಅವರು ಕಿಟಕಿಯಾಚೆ ಹತ್ತಿ ಬಿಡಿಸುತ್ತಿದ್ದ ಹೆಂಗಸರನ್ನು ನೋಡಿದರು. ಆಮೇಲೆ, "ನನ್ನ ತಾಯಿಯೂ ಹಾಗೆಯೇ ಹೇಳುತ್ತಿದ್ದಳು. ನಾವು ಒಂಬತ್ತು ಜನ," ಅಂದರು. ಇಬ್ಬರಿಗೂ ನಗು ಬಂತು.

ಹಳ್ಳಿ ಅರಕೇರಾದ ಹತ್ತಿರದ್ದು. ಅಲ್ಲಿ ಕ್ರೈಸ್ತರ ಮನೆಗಳು ಐದಾರು. ಆದರೆ ಬಿಳಿ ಮನುಷ್ಯ ಬರುತ್ತಾನೆಂದು ಊರಿಗೆ ಊರೇ ಬಂದಿತ್ತು. ಹಣೆಗೆ ವಿಭೂತಿ ಧರಿಸಿದ ಮುದುಕಿಯರು ಮುಂದಿನ ಸಾಲನ್ನು ಹಿಡಿದು ಕೂತಿದ್ದರು. ಪ್ರಾರ್ಥನಾ ಮಂದಿರ ಸಾಲದೆ ಬೇವಿನ ಮರದ ಕೆಳಗೆ ತಾಡಪಲ್ ಹಾಸಿದರು.

ಪಾದ್ರಿಗಳು ಶುರುಮಾಡಿ ಐದು ನಿಮಿಷವಾಗಿರಲಿಲ್ಲ, ಮುಂದಿನ ಸಾಲಿನಿಂದ ಒಂದು ಕೈ ಚಾಚಿತು. "ಆ ಪೆಟಿಗ್ಯಾಗ ಏನೈತಿ, ಮೊದಲ ಅದನ್ನ ತೋರಿಸಾಕ ಹೇಳವ್ವಾ."

ಅವರು ಒಂದು ರಬ್ಬರ್ ಕೂಸನ್ನು ತೆಗೆದು ಕೊಟ್ಟರು. ಅದು ಕೈಯಿಂದ ಕೈಗೆ ಹೋಯಿತು. ಒಬ್ಬಳು ಸೆರಗಿನಿಂದ ಒರೆಸಿದಳು, ಇನ್ನೊಬ್ಬಳು ತಲೆ ನೀವಿ ಮುತ್ತಿಟ್ಟಳು. ಮತ್ತೊಬ್ಬಳು ಎತ್ತಿ ಹಿಡಿದು ಕೇಳಿದಳು: "ಯಪ್ಪಾ, ಇದು ಗಂಡೋ ಹೆಣ್ಣೋ?"

ನಾನು ಅನುವಾದಿಸಿದೆ. ಅವರು ಗಂಭೀರವಾಗಿ, "ಗೊತ್ತಾಗುವುದಿಲ್ಲ," ಅಂದರು.

"ಹಂಗಿದ್ರ ಚೊಲೋ ಆತು ಬಿಡು. ಇದಕ್ಕ ಯಾರೂ ಏನೂ ಮಾಡಂಗಿಲ್ಲ," ಅಂದಳು ಆಕೆ. ಎಲ್ಲರೂ ನಕ್ಕರು. ಆದರೆ ಆ ನಗು ಬೇಗ ಅಡಗಿತು.

ಆಗ ಬೇವಿನ ಬೊಡ್ಡೆಗೆ ಒರಗಿ ಕೂತಿದ್ದ ಒಬ್ಬ ಮುದುಕಿ ಎದ್ದು ಹೋಗಿ ಎಲೆಯಡಿಕೆ ಉಗುಳಿ ಬಂದು ನಿಂತಳು. ಆ ಊರಿನ ಸೂಲಗಿತ್ತಿ. ಆಸ್ಪತ್ರೆ, ಆಂಬುಲೆನ್ಸ್ ಬರುವ ಮೊದಲು ಅರ್ಧ ಊರನ್ನು ಹೊರಗೆ ಎಳೆದವಳು ಎಂದು ಪಕ್ಕದವರು ನನಗೆ ಪಿಸುಗುಟ್ಟಿದರು.

"ಹೊಟ್ಟ್ಯಾಗ ಜೀವ ಅದ ಅಂತ ಹೇಳಾಕ ಅಷ್ಟು ದೂರದಿಂದ ಬಂದಾರೇನು ಇವರು?" ಎಂದು ನನ್ನನ್ನೇ ಕೇಳಿದಳು. "ನಮಗ ಗೊತ್ತಿಲ್ಲೇನು? ಬಸುರಿಗೆ ನಾವು ಎರಡು ಜೀವದಾಕಿ ಅಂತೀವಿ. ಹೇಳು ಅವರಿಗೆ."

ನಾನು ತಡವರಿಸಿದೆ. ಅತಿಥಿಗೆ ಅವಮಾನವಾದೀತು ಅನ್ನಿಸಿತು. ಆದರೆ ನಿನ್ನೆಯ ಸುಳ್ಳು ಸಾಕಾಗಿತ್ತು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಪಾದ್ರಿಗಳು ಜೇಬಿನಿಂದ ನೋಟ್‌ಬುಕ್ ತೆಗೆದರು. "ಇನ್ನೊಮ್ಮೆ," ಅಂದರು. ಮುದುಕಿ ಕಿವುಡರಿಗೆ ಹೇಳಿದ ಹಾಗೆ ಬಿಡಿಸಿ ಹೇಳಿದಳು: "ಎರಡು. ಜೀವದ. ಆಕಿ." ಅವರು ತಮ್ಮ ಲಿಪಿಯಲ್ಲಿ ಬರೆದುಕೊಂಡು ಓದಿದರು. ಮಕ್ಕಳೆಲ್ಲ ಹೋ ಎಂದು ಕೂಗಿದರು.

ಸೂಲಗಿತ್ತಿ ಇನ್ನೂ ಕೂತಿರಲಿಲ್ಲ. "ಒಳಗಿನ ಜೀವದ ಮಾತು ಹೇಳಿದ್ರಿ, ಚೊಲೋ ಆತು. ಹೊರಗಿನ ಜೀವದ ಮಾತು ಯಾರು ಹೇಳ್ತಾರ? ಅಗೋ, ಅಲ್ಲಿ ಕುಂತಾಳ ನೋಡ್ರಿ."

ಎಲ್ಲರೂ ತಿರುಗಿದ ಕಡೆ ಮಂದಿರದ ಗೋಡೆಯ ಪಕ್ಕ ಒಬ್ಬ ಹುಡುಗಿ ಕೂತಿದ್ದಳು. ಇಪ್ಪತ್ತನಾಲ್ಕು ಇಪ್ಪತ್ತೈದು ಇರಬಹುದು. ಏಳು ತಿಂಗಳ ಬಸುರಿ, ಎಡಬಲಕ್ಕೆ ಇಬ್ಬರು ಹೆಣ್ಣುಮಕ್ಕಳು. ಸೂಲಗಿತ್ತಿಯೇ ಕಥೆ ಹೇಳಿದಳು, ಹುಡುಗಿ ನೆಲ ನೋಡುತ್ತಿದ್ದಳು. ಮೂರನೆಯದೂ ಹೆಣ್ಣಾದರೆ ಬೇಡ ಎಂದು ಅತ್ತೆ ಅವಳನ್ನು ಎಲ್ಲಿಗೋ ಕರೆದುಕೊಂಡು ಹೊರಟಿದ್ದಳಂತೆ, ಕದ್ದು ಪರೀಕ್ಷೆ ಮಾಡಿ ಹೇಳುವವರಿದ್ದಾರೆಂದು ಯಾರೋ ಹೇಳಿದ್ದರು. ಬಸ್ ಸ್ಟ್ಯಾಂಡಿನಲ್ಲಿ ಹುಡುಗಿ ಕಲ್ಲುಬೆಂಚಿನ ಮೇಲೆ ಕೂತವಳು ಏಳಲಿಲ್ಲ. ಮೂರು ಬಸ್ಸು ಹೋದವು. ಕೊನೆಗೆ ಅತ್ತೆಯೇ ಸೋತು ಮನೆಗೆ ಬಂದಳು. ಅಂದಿನಿಂದ ಇಬ್ಬರ ನಡುವೆ ಮಾತಿಲ್ಲ. ಗಂಡ ಪುಣೆಯಲ್ಲಿ ಕಟ್ಟಡದ ಕೆಲಸಕ್ಕೆ ಹೋಗಿದ್ದ. ತವರಿನಲ್ಲಿ ತಾಯಿತಂದೆ ಇಲ್ಲ. "ಹಿಂಗಾಗಿ ಕುಬಸ ಮಾಡಾಕ ಯಾರೂ ಇಲ್ಲ ಇದಕ್ಕ," ಎಂದು ಮುದುಕಿ ಮಾತು ಮುಗಿಸಿದಳು.

ಕುಬಸ ಎಂದರೇನು ಎಂದು ಪಾದ್ರಿಗಳು ಕೇಳಿದರು. ಬಸುರಿಗೆ ಹಸಿರು ಬಳೆ ತೊಡಿಸಿ, ಕುಪ್ಪಸದ ಬಟ್ಟೆ ಕೊಟ್ಟು, ಉಡಿ ತುಂಬಿ, ಬಯಸಿದ್ದನ್ನು ಉಣ್ಣಿಸುವುದು ಎಂದು ವಿವರಿಸಿದೆ. ತಮ್ಮ ಭಾಷಣದ ಹಾಳೆಗಳನ್ನು ಮಡಿಚಿ ಅವರು ಜೇಬಿಗೆ ಹಾಕಿಕೊಂಡರು. "ನಾಳೆ ಮಧ್ಯಾಹ್ನ ಮಾಡಬಹುದೇ? ನಾನು ಏನು ತರಬೇಕು?"

ಹೆಂಗಸರ ನಡುವೆ ಗುಜುಗುಜು ಎದ್ದಿತು. "ಸ್ವಾಮಿಗಳು, ಅದೂ ಗಂಡಸರು!" ಅಂದಳೊಬ್ಬಳು. ಸೂಲಗಿತ್ತಿ ಕೈ ಬೀಸಿ ಸುಮ್ಮನಾಗಿಸಿದಳು. "ತವರುಮನಿ ನಾನು ಆಗ್ತೀನಿ. ಅವರು ಬಳಿ ತರಲಿ."

ಹೊರಡುವ ಮೊದಲು ಅವರು ಆ ಅತ್ತೆಯ ಮನೆಗೆ ಹೋಗಲೇಬೇಕೆಂದರು. ಆಕೆ ಸಭೆಗೆ ಬಂದಿರಲಿಲ್ಲ. ಕಟ್ಟೆಯ ಮೇಲೆ ಮೆಣಸಿನಕಾಯಿ ತೊಟ್ಟು ಮುರಿಯುತ್ತಾ ಬಿಗಿದ ಮುಖದಲ್ಲಿ ಕೂತಿದ್ದಳು. ಈಗ ಉಪದೇಶ ಬರುತ್ತದೆ, ಆಕೆ ಬೈಯುತ್ತಾಳೆ, ಅದನ್ನೂ ನಾನೇ ಅನುವಾದಿಸಬೇಕು ಎಂದು ನಾನು ಎದೆ ಗಟ್ಟಿಮಾಡಿಕೊಂಡೆ. ಪಾದ್ರಿಗಳು ಕಟ್ಟೆಯ ಅಂಚಿಗೆ ಕೂತು ಒಂದೇ ಮಾತು ಕೇಳಿದರು: "ಅಮ್ಮಾ, ನೀವು ಎಷ್ಟು ಹೆತ್ತಿರಿ?"

ಆಕೆಯ ಕೈ ನಿಂತಿತು. "ಆರು. ಉಳಿದಾವು ಮೂರು."

"ಹೋದ ಮೂವರ ಬಗ್ಗೆ ಹೇಳುತ್ತೀರಾ?"

ಆಕೆ ನನ್ನ ಮುಖ ನೋಡಿದಳು, ಇದು ನಿಜವಾಗಿ ಅವರು ಕೇಳಿದ್ದೋ ನಾನು ಸೇರಿಸಿದ್ದೋ ಎಂಬಂತೆ. ಆಮೇಲೆ ಹೇಳಿದಳು. ಒಂದು ಹುಟ್ಟುತ್ತಲೇ ಹೋಯಿತು. ಒಂದು ಜ್ವರಕ್ಕೆ. ಇನ್ನೊಂದು ಹುಡುಗಿ, ನಡೆಯಲು ಕಲಿತಿತ್ತು, ಕಾಲ್ಗೆಜ್ಜೆ ಇತ್ತು. "ನನ್ನನ್ನ ಇಷ್ಟು ವರ್ಷದಾಗ ಇದನ್ನ ಯಾರೂ ಕೇಳಿದ್ದಿಲ್ಲ," ಅಂದಳು. ಮೆಣಸಿನಕಾಯಿ ಮುಟ್ಟಿದ ಕೈಯಿಂದ ಕಣ್ಣು ಒರೆಸಿಕೊಂಡು, "ಅಯ್ಯೋ ಯವ್ವಾ, ಉರಿ!" ಎಂದು ಚೀರಿದಳು. ನಾನು ಒಳಗೆ ಓಡಿ ನೀರು ತಂದೆ. ಪಾದ್ರಿಗಳ ಕಣ್ಣೂ ಕೆಂಪಾಗಿತ್ತು. ಅವರು ಮೆಣಸಿನಕಾಯಿ ಮುಟ್ಟಿರಲಿಲ್ಲ. ನಾಳೆಯ ಕುಬಸಕ್ಕೆ ಬನ್ನಿ ಎಂದು ಕರೆದು ನಾವು ಎದ್ದೆವು. ಆಕೆ ಮತ್ತೆ ಮೆಣಸಿನಕಾಯಿ ರಾಶಿಯನ್ನು ಹತ್ತಿರ ಎಳೆದುಕೊಂಡಳು.

ಮೂರನೇ ದಿನ ಬೆಳಗ್ಗೆ ಮಾನ್ವಿ. ಅಲ್ಲಿ ಮೈಕು ಹಿಡಿದವರೇ ಪಾದ್ರಿಗಳು, "ಯೆರ್ದು ಜೀವ್‌ದಾಕಿ," ಅಂದರು. ಸಭೆಯ ತುಂಬಾ ನಗೆ. ಆಮೇಲೆ ಅವರು ಕಾಗದ ನೋಡಲಿಲ್ಲ. "ಒಳಗಿನ ಜೀವವನ್ನು ಉಳಿಸಿ ಎಂದು ಹೇಳಲು ಬಂದ ನಾನು, ಹೊರಗಿನ ಜೀವಕ್ಕೆ ಊಟ, ವಿಶ್ರಾಂತಿ, ಒಳ್ಳೆಯ ಮಾತು ಸಿಗುತ್ತಿದೆಯೇ ಎಂದು ಕೇಳದೆ ಹೋದರೆ ಅರ್ಧ ಕೆಲಸ ಮಾಡಿದ ಹಾಗೆ. ಇದನ್ನು ನಿನ್ನೆ ನನಗೆ ಒಬ್ಬ ಅಜ್ಜಿ ಕಲಿಸಿದಳು," ಅಂದರು. ನನ್ನ ಕನ್ನಡವೂ ತಾನಾಗಿಯೇ ಪಠ್ಯಪುಸ್ತಕ ಬಿಟ್ಟು ಮನೆಯ ಕನ್ನಡವಾಗಿತ್ತು. ಪ್ರಶ್ನೆಗಳು ಸುರಿದವು. ಹಿರೇಕೊಟ್ನೆಕಲ್ಲಿನಿಂದ ಬಂದಿದ್ದ ಒಬ್ಬ ರೈತ ಎದ್ದು, "ನನಗ ಮೂರೂ ಹೆಣ್ಣ ಅದಾವ್ರಿ, ಮೂವರೂ ನನಗಿಂತ ಚೊಲೋ ಟ್ರ್ಯಾಕ್ಟರ್ ಹೊಡೀತಾರ," ಎಂದು ಹೇಳಿ ಕೂತ. ಅದು ಪ್ರಶ್ನೆಯಾಗಿರಲಿಲ್ಲ, ಆದರೂ ಜೋರು ಚಪ್ಪಾಳೆ ಬಿತ್ತು.

ಸಭೆ ಮುಗಿಸಿ ಬಳೆ ಅಂಗಡಿಗೆ ಹೋದೆವು. ಬಳೆ ಮಾರುವ ಹೆಂಗಸು ಪಾದ್ರಿಗಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಯಾರಿಗಿ ಬೇಕ್ರಿ ಹಸಿರು ಬಳಿ?"

"ಬಸುರಿಗೆ," ಅಂದೆ.

ಆಕೆ ಅವರನ್ನು ನೋಡಿದಳು, ನನ್ನನ್ನು ನೋಡಿದಳು, ನನ್ನ ಹೊಟ್ಟೆ ನೋಡಿದಳು. "ಅವರ ಮನಿಯವರೇನ್ರಿ ನೀವು?"

ನಾನು ಕೆಂಪಾದೆ. ಆಕೆ ಏನಂದಳು ಎಂದು ಪಾದ್ರಿಗಳು ಕೇಳಿದರು. ಮೂರು ದಿನದಲ್ಲಿ ನಾನು ಅನುವಾದ ಮಾಡಲು ಒಪ್ಪದ ಒಂದೇ ವಾಕ್ಯ ಅದು. ಅಳತೆ ಗೊತ್ತಿಲ್ಲದ ಕಾರಣ ಅವರು ಮೂರೂ ಅಳತೆಯ ಬಳೆ ಕೊಂಡರು. ಕುಪ್ಪಸದ ಬಟ್ಟೆಯ ಬಣ್ಣ ಆರಿಸಲು ಅರ್ಧ ಗಂಟೆ ತೆಗೆದುಕೊಂಡು, ಕೊನೆಗೆ ಗಿಳಿಹಸಿರಿಗೆ ಕೆಂಪಂಚಿನದು ಆರಿಸಿದರು. ನಾನಾಗಿದ್ದರೂ ಅದನ್ನೇ ಆರಿಸುತ್ತಿದ್ದೆ.

ಹಳ್ಳಿ ಮುಟ್ಟಿದಾಗ ಸೂಲಗಿತ್ತಿಯ ಅಂಗಳದಲ್ಲಿ ಯಾರೂ ಇರಲಿಲ್ಲ. ಅಷ್ಟರಲ್ಲಿ ಓಣಿಯ ಆ ತುದಿಯಿಂದ ಜಗಳದ ದನಿ ಕೇಳಿಸಿತು. ಹೋಗಿ ನೋಡಿದರೆ ಅತ್ತೆಯ ಮನೆಯ ಮುಂದೆ ಇಬ್ಬರು ಮುದುಕಿಯರು ಎದುರಾಬದುರು ನಿಂತಿದ್ದರು.

"ನನ್ನ ಸೊಸಿಗೆ ನಿನ್ನ ಮನ್ಯಾಗ ಕುಬಸ ಮಾಡ್ತೀಯೇನು? ನಾನೇನು ಸತ್ತೀನೇನು? ಊರಾಗ ನಾನು ಮಾರಿ ಎಲ್ಲಿ ಇಟ್ಕೊಳ್ಳಲಿ?" ಎಂದು ಅತ್ತೆ ಕೂಗುತ್ತಿದ್ದಳು.

"ಏಳು ತಿಂಗಳಿಂದ ಎಲ್ಲಿಟ್ಟಿದ್ದಿಬೇ ನಿನ್ನ ಮಾರಿ?"

"ಎಲ್ಲ್ಯಾರ ಇಟ್ಟಿರ್ತೀನಿ. ಹೋಳಿಗಿ ಮಾಡೀನಿ, ಬದನಿಕಾಯಿ ಮಾಡೀನಿ. ಬರ್ರಿ ಎಲ್ಲಾರೂ ಒಳಗ!"

ಹುಡುಗಿ ಆಗಲೇ ಒಳಗೆ ಮಣೆಯ ಮೇಲೆ ಕೂತಿದ್ದಳು. ಬಳೆ ತೊಡಿಸಿದ್ದು ಸೂಲಗಿತ್ತಿ, ಉಡಿ ತುಂಬಿದ್ದು ಅತ್ತೆ. ನಡುವಿನ ಅಳತೆಯ ಬಳೆ ಸರಿಹೋಯಿತು. ಉಳಿದವನ್ನು ಇಬ್ಬರು ಪುಟ್ಟ ಹೆಣ್ಣುಮಕ್ಕಳು ಮೊಣಕೈವರೆಗೆ ಏರಿಸಿಕೊಂಡು ಕುಣಿದರು. ಹೆಂಗಸರು ಸೋಬಾನೆ ಹಾಡಿದರು. ಏನು ಬಯಕೆ ಎಂದು ಕೇಳಿದಾಗ ಹುಡುಗಿ ಮೊದಲ ಸಲ ತಲೆ ಎತ್ತಿ, "ಅತ್ತೀ ಕೈಯಾಗಿನ ಹೋಳಿಗಿ," ಅಂದಳು. ಅತ್ತೆ ತುಪ್ಪ ಸುರಿದ ರೀತಿ ನೋಡಿ ಸೂಲಗಿತ್ತಿಯೇ "ಸಾಕು ಬಿಡಬೇ" ಅನ್ನಬೇಕಾಯಿತು. ಬಾಗಿಲಾಚೆ ಕೂತಿದ್ದ ಪಾದ್ರಿಗಳನ್ನು ಅತ್ತೆಯೇ ಕರೆದಳು: "ನಿಮ್ಮ ದೇವರ ಹೆಸರಿನಾಗ ನೀವೂ ಒಂದು ಮಾತು ಹೇಳ್ರಿ. ಎಲ್ಲಾ ದೇವರೂ ಬೇಕು ಈ ಹೊತ್ತಿಗಿ." ಅವರು ಕೈ ಎತ್ತಿ ತಮ್ಮ ಭಾಷೆಯಲ್ಲಿ ಪ್ರಾರ್ಥಿಸಿದರು. ಆಮೇಲೆ ಐದು ಹೋಳಿಗೆ ತಿಂದರು. ಬದನೆಕಾಯಿಯ ಖಾರಕ್ಕೆ ಮಾತ್ರ ಅವರ ಕಿವಿ ಕೂಡ ಬೆವರಿತು.

ಅವರು ಹೋದ ಎರಡು ತಿಂಗಳಿಗೆ ಹೆರಿಗೆಯಾಯಿತು. ಹೆಣ್ಣು. ಸೂಲಗಿತ್ತಿ ಫೋನ್ ಮಾಡಿಸಿದಾಗ ನನಗೆ ಒಳಗೊಳಗೆ ಅಳುಕು. ಭಾನುವಾರ ಪೂಜೆ ಮುಗಿಸಿ ದೇವದುರ್ಗದ ಆಸ್ಪತ್ರೆಗೆ ಹೋದೆ. ಅತ್ತೆ ಕೂಸನ್ನು ಉಡಿಯಲ್ಲಿ ಹಾಕಿಕೊಂಡು, ಫ್ಯಾನು ಹಚ್ಚಿದ್ದಕ್ಕೆ ನರ್ಸಮ್ಮನ ಜೊತೆ ವಾದಿಸುತ್ತಿದ್ದಳು. ನನ್ನನ್ನು ಕಂಡವಳೇ, "ನೋಡ್ರಿ ಟೀಚರ್, ಮೂಗು ನಂದ," ಅಂದಳು. ಇನ್ನೊಂದು ಮಾತು, ದನಿ ಇಳಿಸಿ: "ನಾ ಅವತ್ತು ಬಸ್ ಸ್ಟ್ಯಾಂಡಿಗಿ ಹೋಗಬಾರದಿತ್ತು." ಮಂಚದ ಮೇಲಿದ್ದ ಸೊಸೆ ಕೇಳಿಸಿಕೊಂಡಳು. ಕೈ ಚಾಚಿ ಅತ್ತೆಯ ಸೆರಗು ಸರಿಮಾಡಿದಳು.

ನಾನು ಪೋಲೆಂಡಿಗೆ ವಿಡಿಯೋ ಕರೆ ಹಚ್ಚಿ ಫೋನನ್ನು ಅತ್ತೆಯ ಕೈಗಿಟ್ಟೆ. ಆಕೆ ಕನ್ನಡದಲ್ಲಿ ಶುರುಮಾಡಿದಳು. ಹೆರಿಗೆ ಎಷ್ಟೊತ್ತಿಗಾಯಿತು, ಕೂಸಿನ ತೂಕ ಎಷ್ಟು, ಮಗನಿಗೆ ಪುಣೆಯಿಂದ ಬರಲು ರಜೆ ಸಿಕ್ಕಿದ್ದು, ಈ ಆಸ್ಪತ್ರೆಯ ಚಹಾ ನೀರಿನಂತಿರುವುದು, ಎಲ್ಲವನ್ನೂ ಹೇಳಿದಳು. ಅವರು ಆ ಕಡೆಯಿಂದ ಇಂಗ್ಲಿಷಿನಲ್ಲೋ ಪೋಲಿಷಿನಲ್ಲೋ ಏನೇನೋ ಹೇಳುತ್ತಾ ಗಟ್ಟಿಯಾಗಿ ನಗುತ್ತಿದ್ದರು. ನನ್ನನ್ನು ಯಾರೂ ಏನೂ ಕೇಳಲಿಲ್ಲ. ಹತ್ತು ನಿಮಿಷವಾದ ಮೇಲೆ ಆಕೆ ಫೋನನ್ನು ನನಗೆ ಹಿಂತಿರುಗಿಸಿ, "ಬಿಸಿ ಆಗೇದ ನೋಡ್ರಿ," ಎಂದು ಮತ್ತೆ ಫ್ಯಾನಿನ ಜಗಳಕ್ಕೆ ಹೋದಳು.