ಬಾಸುಂದಿ ತಿಂದೂ ಆರಾಮಿದ್ದವರು

೧೯೮೭ರಲ್ಲಿ ನಾನು ಅಥಣಿ ತಾಲೂಕಿನ ಪ್ರಾಥಮಿಕ ಆರೋಗ್ಯ ಕೇಂದ್ರವೊಂದರಲ್ಲಿ ವೈದ್ಯಾಧಿಕಾರಿಯಾಗಿದ್ದೆ. ಮೂವತ್ತರ ವಯಸ್ಸು, ನನ್ನಷ್ಟು ಜಾಣ ಈ ಕಡೆ ಇಲ್ಲವೆಂಬ ಸೊಕ್ಕು ಬೇರೆ.

ಆ ಬೇಸಿಗೆಯಲ್ಲಿ ಪಕ್ಕದ ಹಳ್ಳಿಯ ಗೌಡರ ಮನೆಯಲ್ಲಿ ಮದುವೆ ಊಟವಾಯಿತು. ಮರುದಿನದಿಂದ ವಾಂತಿಭೇದಿ. ಆಸ್ಪತ್ರೆಯ ವರಾಂಡದ ತುಂಬ ಸಲೈನ್ ಬಾಟಲಿ ತೂಗುಹಾಕಿದೆವು. ಮಲಗಿದ್ದವರನ್ನೆಲ್ಲ ಏನು ತಿಂದಿರಿ ಎಂದು ಕೇಳುತ್ತ ಹೋದೆ. ಎಲ್ಲರ ಬಾಯಲ್ಲೂ ಹಾಲು ಬತ್ತಿಸಿ ಮಾಡಿದ ಬಾಸುಂದಿಯ ಹೆಸರು ಬಂತು. ಇನ್ನೇನು ಬೇಕು! ಆ ಹಳ್ಳಿಯ ಪಂಚಾಯಿತಿ ಕಟ್ಟೆಯ ಮೇಲೆ, ಊರವರೆದುರು, ಹಾಲು ಕೆಟ್ಟಿದ್ದೇ ಕಾರಣ ಎಂದುಬಿಟ್ಟೆ.

ಹಾಲು ಕೊಟ್ಟವನು ದಸ್ತಗೀರ. ಎಮ್ಮೆ ಕಟ್ಟಿ ಮನೆಮನೆಗೆ ಹಾಲು ಹಾಕಿ ಸಂಸಾರ ಸಾಗಿಸುತ್ತಿದ್ದ. ಅವನು ಕೈಮುಗಿದು, "ಸಾಹೇಬ್ರ, ಅದ ಹಾಲು ನನ್ನ ಮಕ್ಕಳೂ ಕುಡದಾರ್ರಿ" ಎಂದ. ನಾನು ತಿರುಗಿಯೂ ನೋಡಲಿಲ್ಲ. ಅಂದಿನಿಂದ ಅವನ ಹಾಲನ್ನು ಯಾರೂ ಮುಟ್ಟಲಿಲ್ಲ.

ಕೆಲವು ದಿನ ಕಳೆದು ಅದೇ ಊರಿನಿಂದ ಮತ್ತೆ ರೋಗಿಗಳು ಬಂದರು. ಇವರು ಮದುವೆಗೇ ಹೋಗಿರಲಿಲ್ಲ, ದಸ್ತಗೀರನ ಹಾಲನ್ನೂ ಕುಡಿದಿರಲಿಲ್ಲ. ಹಳ್ಳಿಗೆ ಓಡಿದೆ. ಗೌಡರ ಮನೆಯ ಪಕ್ಕದಲ್ಲೇ ಜೈನರ ಮನೆಗಳಿದ್ದವು; ಅಲ್ಲಿಂದ ಒಬ್ಬ ರೋಗಿಯೂ ಬಂದಿರಲಿಲ್ಲ. ಇವರು ಊಟಕ್ಕೆ ಹೋಗಿರಲಿಕ್ಕಿಲ್ಲ ಎಂದುಕೊಂಡು ಅಲ್ಲಿನ ಹಿರಿಯಾಕೆ ಪದ್ಮಾವತಿಬಾಯಿಯವರನ್ನು ಕೇಳಿದೆ.

"ಹೋಗಿದ್ವಲ್ರಿ. ಹೊತ್ತು ಮುಳಗೂದ್ರಾಗ ಉಂಡು ಬಂದ್ವಿ. ಬಾಸುಂದೀನೂ ತಿಂದೇವಿ. ನೀರಷ್ಟ ಮನಿಯಿಂದ ಒಯ್ದಿದ್ವಿ, ಸೋಸಿ ಕಾಸಿದ್ದು."

ಬಾಸುಂದಿ ತಿಂದ ಇವರು ಆರಾಮ. ತಿನ್ನದವರು ಹಾಸಿಗೆ ಹಿಡಿದಿದ್ದಾರೆ. ಮತ್ತೆ ವಿಚಾರಿಸಿದರೆ, ಬೇನೆ ಬಿದ್ದವರೆಲ್ಲ ಒಂದೇ ಬಾವಿಯ ನೀರನ್ನು ಕಾಸದೆ ಹಾಗೇ ಕುಡಿದವರು; ಮದುವೆಯಲ್ಲಿ ಕೊಟ್ಟಿದ್ದೂ ಅದೇ ಬಾವಿಯ ನೀರು. ನೀರನ್ನು ಬೆಳಗಾವಿಗೆ ಪರೀಕ್ಷೆಗೆ ಕಳಿಸಿದೆ; ದೋಷ ಅದರಲ್ಲೇ ಇತ್ತು. ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿಸಿದ ಮೇಲೆ ರೋಗ ನಿಂತಿತು.

ಮದುವೆಯಲ್ಲಿ ಬಾಸುಂದಿ ಯಾರು ಬಿಡುತ್ತಾರೆ? ಬೇನೆ ಬಿದ್ದವರನ್ನಷ್ಟೇ ಕೇಳಿದರೆ ಎಲೆಯ ಮೇಲಿನ ಯಾವ ಪದಾರ್ಥದ ಮೇಲಾದರೂ ತಪ್ಪು ಹೊರಿಸಬಹುದು. ಆರಾಮಿದ್ದವರು ಏನು ತಿಂದರು, ಏನು ಕುಡಿದರು ಎಂದು ಕೇಳದೆ ಕಾರಣ ಹೇಳಬಾರದು. ಕಾಲೇಜಿನಲ್ಲಿ ಇದನ್ನೇ ಓದಿ ಪಾಸಾಗಿದ್ದೆ, ಥೂ!

ಅದೇ ಕಟ್ಟೆಯ ಮೇಲೆ ನಿಂತು, ನಾನು ಹೇಳಿದ್ದು ತಪ್ಪು ಎಂದು ಊರವರಿಗೆ ತಿಳಿಸಿ ದಸ್ತಗೀರನ ಮನೆಗೆ ಹೋದೆ. ಕೊಟ್ಟಿಗೆ ಖಾಲಿಯಿತ್ತು. ಎಮ್ಮೆಗಳನ್ನು ಸಿಕ್ಕ ಬೆಲೆಗೆ ಮಾರಿದ್ದನಂತೆ. ಬೈದಿದ್ದರೆ ಹಗುರಾಗುತ್ತಿತ್ತು; ಅವನು ಚಾಪೆ ಹಾಸಿ ಕೂರಿಸಿದ.

"ಕರೀ ಚಾ ನಡೀತೈತೇನ್ರಿ ಸಾಹೇಬ್ರ? ಮನ್ಯಾಗ ಹಾಲಿಲ್ರಿ."